ಹಳದಿ ಕಲ್ಲಿನ ಮೇಲೆ ನಿಂತವರು

ನರಸಗೇರಿಯ ರಸ್ತೆಗಳು ಏಳಲು ಕಲಿತು ಮೂರು ವರ್ಷವಾಗಿತ್ತು.

ಏಳುವುದೆಂದರೆ ದೊಡ್ಡ ಪವಾಡವೇನಲ್ಲ, ಒಂದು ಗೇಣು ಅಷ್ಟೇ. ಶಾಲೆಗಳ ಹತ್ತಿರ, ಸಂತೆ ಮೈದಾನದ ಹತ್ತಿರ, ಜನ ರಸ್ತೆ ದಾಟುವ ಜಾಗಗಳಲ್ಲೆಲ್ಲ ಡಾಂಬರು ಕಿತ್ತು ರಬ್ಬರಿನಂಥ ಒಂದು ದಪ್ಪ ಹಾಸು ಹಾಕಿದ್ದರು. ಅದರ ಹೊಟ್ಟೆಯೊಳಗೆ ಎಣ್ಣೆಯ ಕೊಳವೆಗಳಿದ್ದವು. ಪಾದಚಾರಿ ದಾರಿಯ ಅಂಚಿನಲ್ಲಿ ಸಾಲಾಗಿ ಆರು ಹಳದಿ ಕಲ್ಲು ಕೂರಿಸಿದ್ದರು. ಯಾರಾದರೂ ಬಂದು ಅದರ ಮೇಲೆ ನಿಂತರೆ ಕಲ್ಲು ಅವರ ಭಾರ ತಿಳಿದುಕೊಳ್ಳುತ್ತಿತ್ತು, ಕೊಳವೆಗಳಿಗೆ ಎಣ್ಣೆ ನುಗ್ಗುತ್ತಿತ್ತು, ನಾಲ್ಕೆಣಿಸುವುದರೊಳಗೆ ರಸ್ತೆ ಈ ದಂಡೆಯಿಂದ ಆ ದಂಡೆಯವರೆಗೆ ಉಬ್ಬಿ ನಿಲ್ಲುತ್ತಿತ್ತು. ಬರುವ ಗಾಡಿ ನಿಧಾನವಾಗಲೇಬೇಕು, ಇಲ್ಲದಿದ್ದರೆ ಒಳಗೆ ಕೂತವನ ತಲೆ ಮೇಲಿನ ತಗಡಿಗೆ ಬಡಿಯುತ್ತದೆ. ದಾಟುವವರು ದಾಟಿ ಮುಗಿಸಿದ ಮೇಲೆ ರಸ್ತೆ ಮತ್ತೆ ಸಪಾಟಾಗಿ ಮಲಗುತ್ತಿತ್ತು.

ಮೊದಲ ವರ್ಷ ಇದನ್ನು ನೋಡಲಿಕ್ಕೆಂದೇ ಸುತ್ತಲಿನ ಹಳ್ಳಿಗಳಿಂದ ಜನ ಟಂಟಂ ಗಾಡಿ ತುಂಬಿಕೊಂಡು ಬಂದರು. ಮುದುಕಿಯರು ಹಳದಿ ಕಲ್ಲಿನ ಮೇಲೆ ನಿಂತು, ರಸ್ತೆ ತಮಗಾಗಿ ಏಳುವುದನ್ನು ನೋಡಿ, ಸೆರಗು ಬಾಯಿಗೆ ಹಿಡಿದು ನಕ್ಕರು. ಅವರ ಜನ್ಮದಲ್ಲಿ ಅವರನ್ನು ಕಂಡು ಎದ್ದು ನಿಂತದ್ದು ಅದೊಂದೇ ಇರಬೇಕು.

ಈ ರಸ್ತೆಗಳನ್ನು ಕಾಯುವ ಕೆಲಸ ಮಹಾನಂದಾ ಬೀಳಗಿಯದು. ನಗರಪಾಲಿಕೆಯ ಹಿಂದಿನ ಕಟ್ಟಡದಲ್ಲಿ ಬೀದಿ ನಿಯಂತ್ರಣ ಕೇಂದ್ರವಿತ್ತು, ಅಲ್ಲಿ ಅವಳು ಎಂಜಿನಿಯರ್. ನಲವತ್ತು ದಾಟಿದ ಹೆಂಗಸು, ಮಾತು ಕಡಿಮೆ, ಅಂಕಿಸಂಖ್ಯೆ ಎಂದರೆ ಜೀವ. ರಸ್ತೆ ಏಳುವುದಕ್ಕೆ ಮೊದಲು ಊರಿನಲ್ಲಿ ವರ್ಷಕ್ಕೆ ಒಂಬತ್ತೋ ಹತ್ತೋ ಮಕ್ಕಳು ಶಾಲೆಯ ದಾರಿಯಲ್ಲಿ ಗಾಡಿಗೆ ಸಿಕ್ಕು ಸಾಯುತ್ತಿದ್ದರು. ಎದ್ದ ಮೇಲೆ ಒಂದು ಮಗುವೂ ಸತ್ತಿರಲಿಲ್ಲ. ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಗೋಡೆಯ ಪರದೆಯ ಮೇಲೆ ನೂರಾರು ಹಳದಿ ಚುಕ್ಕೆ ಮಿನುಗಿ ಆರುವುದನ್ನು ನೋಡುತ್ತ ಅವಳು ಚಹಾ ಕುಡಿಯುತ್ತಿದ್ದಳು. ಒಂದೊಂದು ಚುಕ್ಕೆಯೂ ಒಂದು ಮಗು ಆಚೆ ದಂಡೆ ಮುಟ್ಟಿತೆಂಬುದರ ಗುರುತು. ಆ ಹೊತ್ತಿನ ಚಹಾ ಅವಳಿಗೆ ಬಹಳ ರುಚಿಯಾಗಿರುತ್ತಿತ್ತು.

ರಸ್ತೆ ಬದಲಾದಂತೆ ಜನರೂ ಬದಲಾದರು. ಹಳೆಯ ಉಬ್ಬುಗಳನ್ನು ಕಿತ್ತರು. ಶಾಲೆಯ ಮುಂದೆ ಸೀಟಿ ಊದುತ್ತ ಕೈ ಅಡ್ಡ ಮಾಡುತ್ತಿದ್ದ ಗೃಹರಕ್ಷಕರನ್ನು ಬೇರೆ ಕೆಲಸಕ್ಕೆ ಹಾಕಿದರು. ಗಾಡಿಯವರು ಪಾದಚಾರಿ ದಾರಿಯ ಕಡೆ ನೋಡುವುದನ್ನೇ ಬಿಟ್ಟರು. ನೋಡಿ ಆಗಬೇಕಾದ್ದೇನಿದೆ? ಯಾರಾದರೂ ದಾಟುವವರಿದ್ದರೆ ರಸ್ತೆಯೇ ಹೇಳುತ್ತದೆ. ರಸ್ತೆ ಸಪಾಟಾಗಿದ್ದರೆ ಯಾರೂ ಇಲ್ಲ. ಚಿಕ್ಕ ಮಕ್ಕಳಿಗೂ ಶಾಲೆಯಲ್ಲಿ ಅದನ್ನೇ ಕಲಿಸಿದರು: ಎಡಕ್ಕೆ ನೋಡು, ಬಲಕ್ಕೆ ನೋಡು ಎಂಬ ಹಳೆಯ ಪಾಠ ಹೋಗಿ, ಕಲ್ಲಿನ ಮೇಲೆ ನಿಲ್ಲು, ಏಳುವವರೆಗೆ ಕಾಯಿ ಎಂಬ ಹೊಸ ಪಾಠ ಬಂತು. ನೂಕುನುಗ್ಗಲು ಆಗಬಾರದೆಂದು ಒಂದು ಕಲ್ಲಿಗೆ ಒಬ್ಬರೇ ಎಂಬ ನಿಯಮವನ್ನೂ ಸೇರಿಸಿದರು. ಆ ನಿಯಮ ಮಹಾನಂದಾ ಬರೆದದ್ದು. ಮಕ್ಕಳು ಅದನ್ನು ಚಪ್ಪಾಳೆ ಹೊಡೆಯುತ್ತ ಹಾಡುವಂತೆ ಮಾಡಿದ್ದರು ಟೀಚರುಗಳು.

ಹೋದ ವರ್ಷದ ಡಿಸೆಂಬರಿನಲ್ಲಿ ನಾಯಿಗಳ ಕಾಟ ಶುರುವಾಯಿತು. ಹಳದಿ ಕಲ್ಲಿನೊಳಗೆ ತಂತಿ ಓಡುತ್ತಿದ್ದರಿಂದ ಅದು ಸದಾ ಸ್ವಲ್ಪ ಬೆಚ್ಚಗಿರುತ್ತಿತ್ತು. ಚಳಿಯಲ್ಲಿ ಬೀದಿನಾಯಿಗಳಿಗೆ ಇದಕ್ಕಿಂತ ಒಳ್ಳೆಯ ಹಾಸಿಗೆ ಇನ್ನೆಲ್ಲಿ? ಒಂದೊಂದು ಕಲ್ಲಿಗೆ ಒಂದೊಂದು ನಾಯಿ ಸುರುಳಿ ಸುತ್ತಿಕೊಂಡು ಮಲಗಿತು, ರಸ್ತೆ ಎದ್ದು ನಿಂತಿತು, ನಾಯಿ ಏಳುವವರೆಗೂ ರಸ್ತೆ ಇಳಿಯಲಿಲ್ಲ. ಬಸ್ಸು ನಿಂತವು, ಜನ ಬೈದರು. ಒಂದು ದಿನ ಹೆರಿಗೆಯ ಬೇನೆ ತಿನ್ನುತ್ತಿದ್ದ ಹೆಂಗಸನ್ನು ಹೊತ್ತ ಆಂಬುಲೆನ್ಸು ಐದು ಕಡೆ ಉಬ್ಬಿನ ಮೇಲೆ ಕುಕ್ಕರಿಸಿ ಹೋಗಬೇಕಾಯಿತು. ವಾರದೊಳಗೆ ಏನಾದರೂ ಮಾಡಿ ಎಂದು ಮುಖ್ಯ ಎಂಜಿನಿಯರ್ ಅರವಟಗಿಯವರು ಕೇಳಿಕೊಂಡರು.

ಮಹಾನಂದಾ ಯೋಚಿಸಿ, ಇಂತಿಷ್ಟು ಕಿಲೋಗಿಂತ ಹಗುರವಾದದ್ದಕ್ಕೆ ರಸ್ತೆ ಏಳಬಾರದು ಎಂದು ಮಾಡಲು ಹೊರಟಳು. ಆದರೆ ಎಷ್ಟು ಕಿಲೋ? ಕೂತಲ್ಲೇ ಊಹೆ ಮಾಡುವ ಜಾತಿಯಲ್ಲ ಅವಳು. ತಕ್ಕಡಿ ಹೊರಿಸಿಕೊಂಡು ಹನ್ನೊಂದು ಶಾಲೆ ತಿರುಗಿ, ಸಾವಿರಕ್ಕೂ ಮೇಲ್ಪಟ್ಟು ಮಕ್ಕಳನ್ನು ಗೇಟಿನಲ್ಲೇ ನಿಲ್ಲಿಸಿ ತೂಗಿಸಿದಳು. ಒಬ್ಬ ಟೀಚರು, ಬ್ಯಾಗು ಇಳಿಸಿ ತೂಗಬೇಕಲ್ಲವೇ ಮೇಡಂ ಎಂದು ಕೇಳಿದ್ದರು. ಮಹಾನಂದಾ ನಕ್ಕು, ರಸ್ತೆ ಮಗುವನ್ನು ನೋಡುವುದು ಬ್ಯಾಗಿನ ಸಮೇತ ಅಲ್ಲವೇ, ನಾವೂ ಹಾಗೆಯೇ ನೋಡೋಣ ಎಂದಿದ್ದಳು. ಈ ಮಾತನ್ನು ಮುಂದೆ ಸಭೆಯಲ್ಲೂ ಹೇಳಿ ಶಹಭಾಸ್ ಅನ್ನಿಸಿಕೊಂಡಿದ್ದಳು. ಒಂದನೇ ಇಯತ್ತೆಯ ಪುಟಾಣಿಗಳು ಹೇಗೂ ಒಬ್ಬರೇ ಬರುವುದಿಲ್ಲ, ಅಕ್ಕನೋ ಅಣ್ಣನೋ ಜೊತೆಗಿರುತ್ತಾರೆ. ಒಬ್ಬರೇ ಬರುವವರಲ್ಲಿ ಎಲ್ಲರಿಗಿಂತ ಹಗುರ ಮಗು ಇಪ್ಪತ್ತು ಕಿಲೋ ಆರುನೂರು ಗ್ರಾಂ ತೂಗಿತು. ಮಹಾನಂದಾ ಇಪ್ಪತ್ತು ಎಂದು ಬರೆದಳು. ಯಾವುದೇ ಒಂದು ಕಲ್ಲಿನ ಮೇಲೆ ಅದಕ್ಕಿಂತ ಕಡಿಮೆ ಬಿದ್ದ ಭಾರವೆಲ್ಲ ಪ್ರಾಣಿಗಳ ಕಡತಕ್ಕೆ ಹೋಗುವಂತೆ ಮಾಡಿದಳು. ನಾಯಿಗಳು ಕಲ್ಲಿನ ಮೇಲೆ ಸುಖವಾಗಿ ಮಲಗಿದವು, ರಸ್ತೆ ಸಪಾಟಾಗಿ ಉಳಿಯಿತು, ಊರು ಅವಳನ್ನು ಹೊಗಳಿತು.

ಜೂನಿನಲ್ಲಿ ಶಾಲೆಗಳಿಗೆ ಒಂದು ಸುತ್ತೋಲೆ ಬಂತು. ತಿಂಗಳ ಮೂರನೇ ಶನಿವಾರ ಮಕ್ಕಳು ಬ್ಯಾಗು ತರಬಾರದು, ಆ ದಿನ ಆಟ, ಹಾಡು, ಚಿತ್ರ ಅಷ್ಟೇ. ಒಳ್ಳೆಯ ಸುತ್ತೋಲೆ. ಅದು ಶಿಕ್ಷಣ ಇಲಾಖೆಯಿಂದ ಶಾಲೆಗಳಿಗೆ ಹೋಯಿತು. ರಸ್ತೆಯವರಿಗೆ ಅದನ್ನು ಕಳಿಸಬೇಕೆಂದು ಯಾರಿಗೆ ತಾನೇ ಹೊಳೆದೀತು?

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಎಂಟಕ್ಕೆ ನಾಲ್ಕು ಮಿನಿಟು ಇರುವಾಗ, ಕುಂಬಾರ ಓಣಿಯ ಮುಂದಿನ ದಾಟುವ ಜಾಗದಲ್ಲಿ ಬ್ರೆಡ್ಡಿನ ವ್ಯಾನಿಗೆ ಸಿಕ್ಕು ಆರು ವರ್ಷದ ದಾನಮ್ಮ ಸತ್ತಳು. ಅವಳ ಕೈ ಹಿಡಿದಿದ್ದ ಅಕ್ಕ ಕಸ್ತೂರಿಗೆ ಎಂಟು ವರ್ಷ. ಅವಳಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ತಂದೆ ಇಲ್ಲದ ಮಕ್ಕಳು. ತಾಯಿ ಫಕ್ಕೀರವ್ವ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ಬೆಳಗಿನ ಆರಕ್ಕೇ ಒಲೆಯ ಮುಂದೆ ಕೂರಬೇಕಾದ್ದರಿಂದ ಮಕ್ಕಳೇ ತಲೆ ಬಾಚಿಕೊಂಡು ಶಾಲೆಗೆ ಹೋಗುವುದು ರೂಢಿ. ಅವತ್ತು ದಾನಮ್ಮನಿಗೆ ಶಾಲೆಯಲ್ಲಿ ಕುಣಿಯುವ ಉಮೇದು ಹೆಚ್ಚಾಗಿ ಇಬ್ಬರೂ ಬೇಗ ಹೊರಟಿದ್ದರು.

ವಿಚಾರಣೆ ಪಾಲಿಕೆಯ ಸಭಾಂಗಣದಲ್ಲಿ ನಡೆಯಿತು. ವ್ಯಾನು ಓಡಿಸುತ್ತಿದ್ದ ರಾಜಾಸಾಬ ಐವತ್ತರ ಮನುಷ್ಯ, ಕುಡಿತವಿಲ್ಲ, ಒಂದು ದಿನವೂ ಯಾರಿಗೂ ಗಾಡಿ ಮುಟ್ಟಿಸಿದವನಲ್ಲ. ಅವನು ಕುರ್ಚಿಯಲ್ಲಿ ಕೂರದೆ ನಿಂತೇ ಮಾತಾಡಿದ. "ರಸ್ತಾ ಸಪಾಟ ಇತ್ರಿ ಸಾಹೇಬ್ರ. ಎದ್ದಿದ್ರ ನಾ ನಿಲ್ಲಸ್ತಿದ್ನಲ್ರಿ." ಅದನ್ನೇ ನಾಲ್ಕು ಸಲ ಹೇಳಿ ಅತ್ತ.

ಕಸ್ತೂರಿಯನ್ನು ವಿಚಾರಣೆಯ ಅಧಿಕಾರಿ ಮೆತ್ತಗೇ ಕೇಳಿದರು. ಅವಳು ತಾಯಿಯ ಸೆರಗು ಹಿಡಿದುಕೊಂಡು ಹೇಳಿದಳು:

"ನಾವು ಕಲ್ಲಿನ ಮ್ಯಾಲ ನಿಂತಿದ್ವಿರಿ. ಭಾಳೊತ್ತು ನಿಂತಿದ್ವಿ. ಅದು ಏಳಲಿಲ್ರಿ."

ಆಗ ಮಹಾನಂದಾಳನ್ನು ಕರೆದರು. ಅವಳು ಎದ್ದು ನಿಂತು, ಆ ಜಾಗದ ಆ ಹೊತ್ತಿನ ದಾಖಲೆಯನ್ನು ಓದಿದಳು. ಏಳು ಗಂಟೆ ನಲವತ್ತರಿಂದ ಎಂಟು ಗಂಟೆ ಐದರವರೆಗೆ ಆರೂ ಹಳದಿ ಕಲ್ಲುಗಳ ಮೇಲೆ ಯಾವ ಮನುಷ್ಯರೂ ನಿಂತಿಲ್ಲ. ಓದುವಾಗ ಅವಳ ದನಿ ನಡುಗಲಿಲ್ಲ, ಏಕೆಂದರೆ ಓದಿದ್ದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಮಗುವನ್ನು ನೋಡಿ, ಪಾಪ, ಹೆದರಿದೆ, ಅದಕ್ಕೇ ಸುಳ್ಳು ಹೇಳುತ್ತಿದೆ ಎಂದುಕೊಂಡಳು. ಫಕ್ಕೀರವ್ವ ಮಗಳ ಕಡೆ ತಿರುಗಿ ನೋಡಿದ ನೋಟ ಮಾತ್ರ ಅವಳ ಕಣ್ಣಿಗೆ ಬಿದ್ದು ಅಲ್ಲೇ ಉಳಿಯಿತು. ಮಕ್ಕಳು ಕಲ್ಲಿನ ಮೇಲೆ ನಿಲ್ಲದೆ ಓಡಿ ದಾಟಿದ್ದರಿಂದ ಅಪಘಾತವಾಯಿತು ಎಂದು ಅಧಿಕಾರಿ ಬರೆದು ಮುಗಿಸಿದರು. ಯಾರಿಗೂ ಶಿಕ್ಷೆಯಾಗಲಿಲ್ಲ. ಶಾಲೆಗಳಲ್ಲಿ ಕಲ್ಲಿನ ಹಾಡನ್ನು ಇನ್ನೊಮ್ಮೆ ಹೇಳಿಕೊಟ್ಟರು.

ಡಿಸೆಂಬರ್ ಬಂತು. ಒಂದು ಶನಿವಾರ ಬೆಳಿಗ್ಗೆ ಮಹಾನಂದಾಳ ಮಗಳು ಪ್ರಣತಿ ಉಪ್ಪಿಟ್ಟು ತಿಂದು, ಕೈ ಬೀಸುತ್ತ ಬಾಗಿಲು ದಾಟಿದಳು. ಆರನೇ ಇಯತ್ತೆಯ ಹುಡುಗಿ, ಆಗಲೇ ತಾಯಿಯ ಭುಜದೆತ್ತರ ಬೆಳೆದಿದ್ದಾಳೆ. ಬ್ಯಾಗು ಮರೆತಿಯಲ್ಲೇ ಎಂದು ಅಪ್ಪ ಒಳಗಿನಿಂದ ಕೂಗಿದ. ಇವತ್ತು ಮೂರನೇ ಶನಿವಾರ, ಬ್ಯಾಗಿಲ್ಲ ಎಂದು ಅವಳು ಗೇಟಿನಿಂದಲೇ ಉತ್ತರ ಕೊಟ್ಟು ಹೋದಳು.

ಅಲ್ಲಿಯವರೆಗೆ ಮಹಾನಂದಾ ಶನಿವಾರಗಳಲ್ಲಿ ಮಗಳು ಹೊರಡುವ ಮೊದಲೇ ಕಚೇರಿಗೆ ಹೋಗಿಬಿಡುತ್ತಿದ್ದಳು. ಅವತ್ತು ಸ್ಕೂಟರು ಶುರುವಾಗದೆ ತಡವಾಗಿತ್ತು. ಕೈಯಲ್ಲಿ ಕೀಲಿ ಹಿಡಿದುಕೊಂಡು ಅವಳು ಮಗಳ ಬರಿಯ ಬೆನ್ನನ್ನೇ ನೋಡುತ್ತ ನಿಂತಳು. ಬ್ಯಾಗಿಲ್ಲದ ಬೆನ್ನು ಎಷ್ಟು ಸಣ್ಣದು ಎಂದು ಮೊದಲು ಅನ್ನಿಸಿತು. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು: ತಾನು ಮಕ್ಕಳನ್ನು ತೂಗಿಸಿದ್ದು ಬ್ಯಾಗಿನ ಸಮೇತ.

ಕೇಂದ್ರಕ್ಕೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಪರದೆಯ ಮೇಲೆ ಚುಕ್ಕೆಗಳು ಮಿನುಗುತ್ತಿದ್ದವು, ಆದರೆ ವಿರಳವಾಗಿ. ಹಿಂದಿನ ತಿಂಗಳುಗಳದ್ದನ್ನು ತೆಗೆದು ನೋಡಿದಳು. ಜೂನಿನಿಂದ ಈಚೆಗೆ ತಿಂಗಳಿಗೊಮ್ಮೆ, ಮೂರನೇ ಶನಿವಾರ, ಶಾಲೆಗಳ ಹತ್ತಿರ ದಾಟುವವರ ಸಂಖ್ಯೆ ಬಿದ್ದುಹೋಗುತ್ತಿತ್ತು. ಅದು ಮೊದಲೂ ಅವಳ ಕಣ್ಣಿಗೆ ಬಿದ್ದಿತ್ತು, ರಜೆ ಇರಬೇಕೆಂದು ಬಿಟ್ಟಿದ್ದಳು. ಈಗ ಅವಳು ಯಾರೂ ತೆರೆಯದ ಪ್ರಾಣಿಗಳ ಕಡತವನ್ನು ತೆರೆದಳು. ಮೂರನೇ ಶನಿವಾರ ಬಂತೆಂದರೆ ಬೆಳಗಿನ ಎಂಟರಿಂದ ಒಂಬತ್ತರೊಳಗೆ ನರಸಗೇರಿಯಲ್ಲಿ ನಾಯಿಗಳು ಎರಡು ಪಟ್ಟಾಗುತ್ತಿದ್ದವು. ಶಾಲೆಗಳ ಹತ್ತಿರ ಮಾತ್ರ.

ನವೆಂಬರಿನ ಆ ದಿನವನ್ನು ತೆಗೆಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕುಂಬಾರ ಓಣಿ. ಏಳು ಗಂಟೆ ಐವತ್ತೆರಡು ಮಿನಿಟಿಗೆ ಮೂರನೇ ಕಲ್ಲಿನ ಮೇಲೆ ಹದಿನೇಳು ಕಿಲೋ ಎಂಟುನೂರು ಗ್ರಾಂ. ಅದೇ ಹೊತ್ತಿಗೆ ನಾಲ್ಕನೇ ಕಲ್ಲಿನ ಮೇಲೆ ಹದಿನಾಲ್ಕು ಕಿಲೋ ಇನ್ನೂರು. ಮೂರನೇ ಕಲ್ಲಿನ ಭಾರ ಅಲುಗಾಡದೆ ನಿಂತಿತ್ತು. ನಾಲ್ಕನೇ ಕಲ್ಲಿನದು ಒಂದು ಬದಿಗೆ ಬೀಳುತ್ತಿತ್ತು, ಇನ್ನೊಂದು ಬದಿಗೆ ಬೀಳುತ್ತಿತ್ತು, ನಡುವೆ ಒಂದು ಕ್ಷಣ ಇಲ್ಲವೇ ಇಲ್ಲವಾಗುತ್ತಿತ್ತು. ಏನಿದು ಎಂದು ನೋಡುತ್ತ ಕೂತವಳಿಗೆ ತಿಳಿಯಿತು: ಚಿಕ್ಕವಳು ಕುಂಟುತ್ತ ಆಡುತ್ತಿದ್ದಳು, ಒಂದೇ ಕಾಲಿನ ಮೇಲೆ. ನಾಯಿ ಹಾಗೆ ಆಡುವುದಿಲ್ಲ. ಕಲ್ಲಿಗೆ ಅದೆಲ್ಲ ಗೊತ್ತಾಗಿತ್ತು, ಅದನ್ನು ಕೇಳಿದವರಿರಲಿಲ್ಲ ಅಷ್ಟೇ.

ಮೂರು ಮಿನಿಟು ನಲವತ್ತು ಸೆಕೆಂಡು ಅವರು ನಿಂತಿದ್ದರು. ಇಬ್ಬರೂ ಒಂದೇ ಕಲ್ಲಿನ ಮೇಲೆ ನಿಂತಿದ್ದರೆ ಮೂವತ್ತೆರಡು ಕಿಲೋ ಆಗುತ್ತಿತ್ತು, ರಸ್ತೆ ಏಳುತ್ತಿತ್ತು. ಕಸ್ತೂರಿಗೆ ಅವತ್ತು ಬೆನ್ನ ಮೇಲೆ ಬ್ಯಾಗಿದ್ದಿದ್ದರೂ ಏಳುತ್ತಿತ್ತು. ಆದರೆ ಬ್ಯಾಗು ತರಬೇಡಿ ಎಂದಿದ್ದರು, ತರಲಿಲ್ಲ. ಒಂದು ಕಲ್ಲಿಗೆ ಒಬ್ಬರೇ ಎಂದಿದ್ದರು, ಹಾಗೆಯೇ ನಿಂತರು. ಹೇಳಿದ ಮಾತನ್ನೆಲ್ಲ ಕೇಳಿದ ಮಕ್ಕಳು ಅವು. ಏಳು ಐವತ್ತಾರಕ್ಕೆ ಇಪ್ಪತ್ತು ಸೆಕೆಂಡು ಕಡಿಮೆ ಇರುವಾಗ ಎರಡೂ ಕಲ್ಲು ಒಟ್ಟಿಗೇ ಖಾಲಿಯಾದವು. ಮಹಾನಂದಾ ಮೇಜಿನ ಮೇಲೆ ತಲೆಯಿಟ್ಟು, ಬಾಯಿಗೆ ಕೈ ಒತ್ತಿಕೊಂಡು ಅತ್ತಳು.

ಅರವಟಗಿಯವರು ಎಲ್ಲವನ್ನೂ ಸಾವಧಾನವಾಗಿ ಕೇಳಿದರು. ಕೆಟ್ಟ ಮನುಷ್ಯರಲ್ಲ ಅವರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡದ್ದು ನಾಟಕವೂ ಅಲ್ಲ. ಅಲ್ಲೇ ನಿಂತು ಇಪ್ಪತ್ತನ್ನು ಹತ್ತಕ್ಕೆ ಇಳಿಸಲು ಹೇಳಿದರು, ಮಹಾನಂದಾ ಇಳಿಸಿದಳು. ಎರಡು ಗುಂಡಿ ಒತ್ತಿದರೆ ಮುಗಿಯುವ ಕೆಲಸ. ನಾಯಿಗಳು ಮತ್ತೆ ಬಂದರೆ ಬರಲಿ, ಕಲ್ಲು ತಣ್ಣಗಿರುವಂತೆ ಏನಾದರೂ ಮಾಡೋಣ ಎಂದರು. ಹಾಗಾದರೆ ವಿಚಾರಣೆಯ ಕಡತವನ್ನು ತೆರೆಸಿ ತಿದ್ದಬೇಕಲ್ಲ ಸರ್ ಎಂದು ಮಹಾನಂದಾ ಕೇಳಿದಾಗ ಅವರು ಕನ್ನಡಕ ಮತ್ತೆ ಹಾಕಿಕೊಂಡು ಬೇರೊಂದು ಲೆಕ್ಕ ತೆಗೆದರು.

ಮುಂದಿನ ತಿಂಗಳು ಹದಿನಾಲ್ಕು ಊರುಗಳವರು ಈ ರಸ್ತೆ ನೋಡಲು ಬರುವವರಿದ್ದರು. ಇದು ಹೊರಬಿದ್ದರೆ ಯಾರೂ ಬರುವುದಿಲ್ಲ, ಬಂದರೂ ರಸ್ತೆ ಮಾಡಿಸುವುದಿಲ್ಲ. ಆ ಊರುಗಳಲ್ಲಿ ಈಗಲೂ ವರ್ಷಕ್ಕೆ ಹತ್ತು ಮಕ್ಕಳು ಸಾಯುತ್ತಿವೆ, ಲೆಕ್ಕ ನೀವೇ ಹಾಕಿ ಎಂದರು. ಮಹಾನಂದಾ ಆ ಲೆಕ್ಕ ಹಾಕಿಯೇ ಬಂದಿದ್ದಳು.

"ಆ ಹುಡುಗಿ ಸುಳ್ಳ ಹೇಳ್ಯಾಳಂತ ಬರದೇವ್ರಿ ಸರ್ ನಾವು," ಎಂದಳು.

"ಎಂಟು ವರ್ಷದ ಕೂಸು ಮಹಾನಂದಾ ಅವರ. ಎರಡು ವರ್ಷದಾಗ ಮರೀತದ. ಕಡತದಾಗ ಅಕಿ ಹೆಸರ ಸುದ್ದಾ ಇಲ್ಲ."

ಸೋಮವಾರದವರೆಗೆ ಯೋಚಿಸಿ ಎಂದು ಅರವಟಗಿಯವರು ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಮಧ್ಯಾಹ್ನ ಮನೆಗೆ ಬಂದಾಗ ಪ್ರಣತಿ ಊಟ ಮಾಡುತ್ತಿದ್ದಳು. ಶಾಲೆಯಲ್ಲಿ ಬಣ್ಣ ಬಳಿದ ಕೈ ಸರಿಯಾಗಿ ತೊಳೆದಿರಲಿಲ್ಲ. ಮಹಾನಂದಾ ಎದುರಿಗೆ ಕೂತು, ಬ್ಯಾಗಿಲ್ಲದ ದಿನ ರಸ್ತೆ ನಿನಗೆ ಏಳುತ್ತದೆಯೇ ಎಂದು ಕೇಳಿದಳು. ಮಗಳು ಅನ್ನ ಕಲಸುತ್ತ, ಅದರಲ್ಲೇನಿದೆ ಎಂಬಂತೆ ಹೇಳಿದಳು. ತನಗೆ ಏಳುತ್ತದೆ, ಸಣ್ಣವರಿಗೆ ಏಳುವುದಿಲ್ಲ. ಅದು ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಸಣ್ಣವರು ಕಲ್ಲಿನ ಮೇಲೆ ನಿಂತು ಯಾರಾದರೂ ದೊಡ್ಡವರು ಬರುವ ತನಕ ಕಾಯುತ್ತಾರೆ, ದೊಡ್ಡವರು ಬಂದು ನಿಂತರೆ ಎದ್ದುಬಿಡುತ್ತದೆ. ಯಾರೂ ಬರದಿದ್ದರೆ ಓಡುತ್ತಾರೆ. ತಾನೇ ಎಷ್ಟೋ ಸಲ ಸಣ್ಣವರನ್ನು ದಾಟಿಸಿದ್ದೇನೆ ಎಂದಳು.

"ನನಗ್ಯಾಕ ಹೇಳಲಿಲ್ಲ ನೀನು?"

"ಹೇಳಿದ್ನಲ್ಲವ್ವಾ, ಮಳೆಗಾಲದಾಗ. ರಸ್ತಾ ಎಲ್ಲಾರಿಗೂ ಏಳ್ತದ, ಅದು ತಪ್ಪಂಗಿಲ್ಲ, ಹುಡುಗೂರು ಸರಿಯಾಗಿ ನಿಂದ್ರಂಗಿಲ್ಲ ಅಂದಿದ್ದಿ ನೀನು."

ಮಹಾನಂದಾಳಿಗೆ ಹಾಗೆ ಅಂದದ್ದು ನೆನಪೇ ಇರಲಿಲ್ಲ. ಆದರೆ ಅಂದಿರಬೇಕು, ಅದು ಅವಳದೇ ಮಾತು. ಆರು ತಿಂಗಳಿಂದ ಊರಿನ ಮಕ್ಕಳೆಲ್ಲ ತಮ್ಮ ತಮ್ಮಲ್ಲೇ ಒಂದು ಏರ್ಪಾಡು ಮಾಡಿಕೊಂಡು ರಸ್ತೆ ದಾಟಿದ್ದರು. ಕಂಟ್ರೋಲ್ ರೂಮಿನಲ್ಲಿ ಕೂತವಳಿಗೆ ಗೊತ್ತಿರಲಿಲ್ಲ. ಮೂರು ಮಿನಿಟು ನಲವತ್ತು ಸೆಕೆಂಡು ಆ ಇಬ್ಬರು ಕಾದದ್ದು ರಸ್ತೆಗಾಗಿಯೂ ಅಲ್ಲ, ಯಾರಾದರೂ ದೊಡ್ಡವರು ಬರಲಿ ಎಂದು.

ಅವತ್ತೇ ಸಂಜೆಯೊಳಗೆ ಅವಳು ಆಯುಕ್ತರಿಗೆ ಪತ್ರ ಬರೆದಳು. ಇಪ್ಪತ್ತು ಕಿಲೋ ಎಂದು ಬರೆದದ್ದು ನಾನು, ಬ್ಯಾಗಿನ ಸಮೇತ ತೂಗಿಸಿದ್ದು ನಾನು, ಒಂದು ಕಲ್ಲಿಗೆ ಒಬ್ಬರೇ ಎಂದದ್ದು ನಾನು, ಮಕ್ಕಳು ಕಲ್ಲಿನ ಮೇಲೆ ನಿಂತಿದ್ದರು, ವಿಚಾರಣೆಯಲ್ಲಿ ನಾನು ಓದಿದ ದಾಖಲೆ ಅರ್ಧ ಮಾತ್ರ. ಗಂಡ ಪ್ರಭು ಓದಿ ನೋಡಿ, ಕೆಲಸ ಹೋದೀತು ಎಂದನೇ ಹೊರತು ಕಳಿಸಬೇಡ ಎನ್ನಲಿಲ್ಲ. ಪ್ರಾಣಿಗಳ ಕಡತದ ಆ ಪುಟವನ್ನು ಜೊತೆಗಿಟ್ಟು ಅವಳು ಪತ್ರ ಕಳಿಸಿದಳು. ಕೆಲಸ ಹೋಗುವುದರ ಬಗ್ಗೆ ಅವಳಿಗೆ ಅಂಥ ಭಯವಿರಲಿಲ್ಲ. ಹದಿನಾಲ್ಕು ಊರುಗಳ ಮಕ್ಕಳನ್ನು ನೆನೆದರೆ ಭಯವಾಗುತ್ತಿತ್ತು, ಆ ಭಯಕ್ಕೆ ಅವಳಲ್ಲಿ ಮದ್ದಿರಲಿಲ್ಲ. ಆದರೂ ಕಸ್ತೂರಿಗೆ ನೀನು ಸುಳ್ಳು ಹೇಳಲಿಲ್ಲ ಎಂದು ಯಾರಾದರೂ ಹೇಳಲೇಬೇಕಿತ್ತು, ಹೇಳಬೇಕಾದವಳು ತಾನು ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ.

ಮರುದಿನ ಭಾನುವಾರ ಮಧ್ಯಾಹ್ನ ಅವಳು ಕುಂಬಾರ ಓಣಿಗೆ ಹೋದಳು. ಒಂದೇ ಖೋಲಿಯ ಮನೆ. ಫಕ್ಕೀರವ್ವ ಖಾನಾವಳಿಯಿಂದ ಆಗತಾನೇ ಬಂದು ಕೈಗೆ ಅಂಟಿದ ಹಿಟ್ಟು ತೊಳೆಯುತ್ತಿದ್ದಳು. ಸಭಾಂಗಣದಲ್ಲಿ ನೋಡಿದ ಗುರುತು ಸಿಕ್ಕಿ, ಒಳಗೆ ಕರೆದು, ಚಾಪೆ ಹಾಸಿ, ಕೇಳದೆಯೇ ಒಂದು ತಂಬಿಗೆ ನೀರು ಕೊಟ್ಟಳು. ಕಸ್ತೂರಿ ಮೂಲೆಯಲ್ಲಿ ಕೂತು ಮಗ್ಗಿ ಬರೆಯುತ್ತಿದ್ದಳು. ಗೋಡೆಯ ಗೂಡಿನಲ್ಲಿ ದೇವರ ಪಟ, ಪಕ್ಕದಲ್ಲಿ ಶಾಲೆಯ ಗುಂಪು ಚಿತ್ರದಿಂದ ಕತ್ತರಿಸಿ ದೊಡ್ಡದು ಮಾಡಿಸಿದ ದಾನಮ್ಮನ ಮಸುಕು ಮುಖ.

ನೀರು ಕುಡಿಯಲಿಕ್ಕೆ ಆಗದೆ ತಂಬಿಗೆ ಕೆಳಗಿಟ್ಟು ಮಹಾನಂದಾ ನೇರವಾಗಿ ಹೇಳಿದಳು.

"ಅವತ್ತ ಯಾರೂ ನಿಂತಿರಲಿಲ್ಲ ಅಂತ ನಾನ ಓದಿದ್ದೆ. ಅದು ತಪ್ಪು. ನಿಮ್ಮ ಮಗಳು ಹೇಳಿದ್ದ ಖರೇ. ಇಬ್ಬರೂ ಕಲ್ಲಿನ ಮ್ಯಾಲ ನಿಂತಿದ್ರು. ರಸ್ತಾ ಅವರನ್ನ ನಾಯಿ ಅಂತ ತಿಳಕೊಂಡ್ತು. ಹಂಗ ತಿಳಕೊಳ್ಳೋಹಂಗ ಮಾಡಿದಾಕಿ ನಾನು."

ಆಮೇಲೆ ಬ್ಯಾಗಿನದು, ತೂಕದ್ದು, ಎಲ್ಲವನ್ನೂ ಬಿಡಿಸಿ ಹೇಳಿದಳು. ಬೈದರೆ ಬೈಸಿಕೊಳ್ಳಲು, ಹೊಡೆದರೆ ಹೊಡೆಸಿಕೊಳ್ಳಲು ತಯಾರಾಗಿ ಬಂದಿದ್ದಳು. ಫಕ್ಕೀರವ್ವ ಎರಡನ್ನೂ ಮಾಡಲಿಲ್ಲ. ಒದ್ದೆ ಕೈಯನ್ನು ಸೀರೆಗೆ ಒರೆಸುತ್ತ, ಒರೆಸುತ್ತಲೇ ಇದ್ದಳು.

"ಎಷ್ಟೊತ್ತು ನಿಂತಿದ್ವು ಅಂದ್ರಿ?"

"ಮೂರು ಮಿನಿಟು, ನಲವತ್ತು ಸೆಕೆಂಡು."

"ಅಷ್ಟೊತ್ತಿನ್ಯಾಗ ನಾ ಐದು ರೊಟ್ಟಿ ಬಡೀತೀನ್ರಿ," ಎಂದಳು ಫಕ್ಕೀರವ್ವ. ಗೋಡೆಯ ಚಿತ್ರದ ಕಡೆ ನೋಡಿ, ಮತ್ತೆ ನೆಲ ನೋಡಿದಳು.

ಮಹಾನಂದಾ ಕಸ್ತೂರಿಯ ಕಡೆ ತಿರುಗಿದಳು. ಇಷ್ಟು ಹೊತ್ತೂ ಹುಡುಗಿ ಬರೆಯುವುದನ್ನು ನಿಲ್ಲಿಸಿರಲಿಲ್ಲ. ಹತ್ತಿರ ಹೋಗಿ ಕೂತು, ನಿನ್ನ ಮಾತು ನಿಜವಾಗಿತ್ತು ಮಗಳೇ, ನೀನು ನಿಂತಿದ್ದೆ, ನಾನು ದಾಖಲೆಯಲ್ಲಿ ನೋಡಿದ್ದೇನೆ, ನಾಳೆ ಎಲ್ಲರ ಮುಂದೆಯೂ ಹೇಳುತ್ತೇನೆ, ತಪ್ಪು ನಿನ್ನದಲ್ಲ ಎಂದಳು. ಇಷ್ಟನ್ನು ಹೇಳಲೆಂದೇ ಅವಳು ಬಂದದ್ದು. ಹೇಳಿ ಮುಗಿದಾಗ ಎದೆಯ ಮೇಲಿನ ಕಲ್ಲು ಒಂದಿಷ್ಟು ಸರಿದಂತಾಯಿತು.

ಕಸ್ತೂರಿ ಪೆನ್ಸಿಲು ಕೆಳಗಿಟ್ಟಳು. ಟೀಚರು ಪ್ರಶ್ನೆ ಕೇಳಿದಾಗ ಏಳುವಂತೆ ಎದ್ದು ನಿಂತು, ಎರಡೂ ಕೈ ಕಟ್ಟಿಕೊಂಡಳು. ಒಂದೇ ಉಸಿರಿಗೆ, ಎಲ್ಲೂ ತಡವರಿಸದೆ ಹೇಳಿದಳು:

"ಇಲ್ರಿ ಬಾಯಾರ. ನಾವು ನಿಂತಿರಲಿಲ್ರಿ. ನಾನ ಓಡು ಅಂದೆ. ತಂಗಿ ಓಡಿದ್ಳು. ಸುಳ್ಳ ಹೇಳಿದ್ದು ನನ್ನ ತಪ್ಪಾತ್ರಿ."

ಮಹಾನಂದಾ ಏನೂ ಅರ್ಥವಾಗದೆ ತಾಯಿಯ ಕಡೆ ನೋಡಿದಳು. ಫಕ್ಕೀರವ್ವ ಗೋಡೆಗೆ ಒರಗಿ ಕೂತಿದ್ದಳು. ಅವಳು ಹೇಳಿದ್ದಿಷ್ಟು. ವಿಚಾರಣೆ ಮುಗಿದ ದಿನದಿಂದ ದಿನಾ ದೀಪ ಹಚ್ಚಿದ ಮೇಲೆ ಮಗಳನ್ನು ಆ ಗೂಡಿನ ಮುಂದೆ ನಿಲ್ಲಿಸಿ, ಖರೇ ಹೇಳು ಎಂದು ಕೇಳಿದ್ದಳು. ಮೊದಮೊದಲು ನಿಂತಿದ್ದೆವು ಎಂದೇ ಹೇಳುತ್ತಿತ್ತು. ಸತ್ತ ತಂಗಿಯ ಮುಂದೆಯೂ ಸುಳ್ಳು ಹೇಳುತ್ತದಲ್ಲ ಎಂದು ಬಡಿದಿದ್ದಳು. ಹನ್ನೊಂದನೇ ದಿನಕ್ಕೋ ಹನ್ನೆರಡನೇ ದಿನಕ್ಕೋ ಹುಡುಗಿ ಹೀಗೆ ಹೇಳಿತು. ಆಗ ತಾಯಿ ಅವಳನ್ನು ಅಪ್ಪಿಕೊಂಡು, ಇನ್ನೆಂದೂ ಸುಳ್ಳು ಹೇಳಬೇಡ ಎಂದು ತಲೆ ನೇವರಿಸಿ ಉಣ್ಣಿಸಿದ್ದಳು. ಆಮೇಲೆ ಶಾಲೆಯಲ್ಲೂ ಓಣಿಯಲ್ಲೂ ಯಾರು ಕೇಳಿದರೂ ಅದು ಇದನ್ನೇ ಹೇಳುತ್ತಿತ್ತು.

ಫಕ್ಕೀರವ್ವ ಮೊಣಕಾಲ ಮೇಲೆ ಸರಿಯುತ್ತ ಬಂದು ಮಗಳ ಎರಡೂ ತೋಳು ಹಿಡಿದಳು.

"ಇಲ್ಲವ್ವಾ, ನೀವು ನಿಂತಿದ್ರಿ. ಈ ಬಾಯಾರು ಹೇಳ್ತಾರ ನೋಡು, ನಿಂತಿದ್ರಿ ನೀವು. ನೀ ಓಡು ಅಂದಿಲ್ಲ. ನಿಂತಿದ್ವಿ ಅನ್ನು. ಒಮ್ಮೆ ಅನ್ನವ್ವಾ."

ಕಸ್ತೂರಿ ತಾಯಿಯ ಮುಖವನ್ನು ನೋಡಿದಳು. ಮಹಾನಂದಾಳ ಮುಖವನ್ನೂ ನೋಡಿದಳು. ಇಬ್ಬರಲ್ಲಿ ಯಾರು ಈಗ ಪರೀಕ್ಷೆ ಮಾಡುತ್ತಿದ್ದಾರೆ ಎಂದು ಅವಳಿಗೆ ತಿಳಿಯಲಿಲ್ಲ. ಕಟ್ಟಿದ ಕೈ ಬಿಡದೆ, ಮೆಲ್ಲನೆ ಕೇಳಿದಳು:

"ಇನ್ನ ಮ್ಯಾಲೆ ಹಂಗ ಹೇಳಬೇಕೇನ ಯವ್ವಾ?"